ಚೀಟಿ ಕಾಯೋದು ಬೇರೆ, ಲೆಕ್ಕ ಇಡೋದು ಬೇರೆ: ತೋಟದ ವ್ಯವಹಾರಕ್ಕೆ ಮೊದಲು ಯಾವುದು ಬೇಕು?

ಮಾಲನ್ನು ಮಂಡಿಗೆ ಹಾಕಿ ಪಟ್ಟಿ ತಗೊಂಡು ಬರುವಷ್ಟು ದಿನ ಲೆಕ್ಕಪತ್ರದ ತಲೆನೋವು ಅಷ್ಟಾಗಿ ಇರುವುದಿಲ್ಲ. ತೂಕ ಎಷ್ಟು, ದರ ಎಷ್ಟು, ಹಮಾಲಿ-ಬಾಡಿಗೆ ಕಳೆದು ಕೈಗೆ ಬಂದದ್ದೆಷ್ಟು ಅಂತ ಆ ಒಂದು ಪಟ್ಟಿಯಲ್ಲೇ ಇರುತ್ತದೆ. ನೇರ ಮಾರಾಟಕ್ಕೆ ಇಳಿದ ದಿನದಿಂದ ಕಥೆ ಬದಲಾಗುತ್ತದೆ. ಮೂವತ್ತು ಮನೆಗೆ ವಾರವಾರ ತರಕಾರಿ ಬುಟ್ಟಿ, ಎರಡು ಅಂಗಡಿಗೆ ಬಾಳೆಹಣ್ಣು, ಪರಿಚಯದವರಿಗೆ ಅರಿಶಿನ ಪುಡಿ. ಅರ್ಧ ದುಡ್ಡು ಫೋನ್‌ಪೇಯಲ್ಲಿ, ಕಾಲು ಭಾಗ ನಗದು, ಉಳಿದದ್ದು ಉದ್ರಿ. ಜೊತೆಗೆ ಸಾವಯವ ಪ್ರಮಾಣಪತ್ರದ ಕಾಗದಗಳು ಬೇರೆ.

ಈ ಹಂತಕ್ಕೆ ಬಂದ ಬೆಳೆಗಾರರಿಗೆ ಎರಡು ಸಲಹೆ ಸಿಗುತ್ತವೆ. ಒಬ್ಬರು, "ಎಲ್ಲ ಬಿಲ್ಲಿನ ಫೋಟೊ ಹೊಡೆದು ಗೂಗಲ್ ಡ್ರೈವ್‌ಗೆ ಹಾಕಿ, ಸಾಕು" ಅಂತಾರೆ. ಇನ್ನೊಬ್ಬರು, "ಒಂದು ಅಕೌಂಟಿಂಗ್ ಸಾಫ್ಟ್‌ವೇರ್ ಹಾಕಿಸಿಬಿಡಿ, ಎಲ್ಲ ಅದೇ ನೋಡ್ಕೊಳ್ಳುತ್ತೆ" ಅಂತಾರೆ. ಎರಡೂ ಒಂದೇ ಕೆಲಸದ ಎರಡು ದಾರಿ ಅನ್ನೋ ಹಾಗೆ ಮಾತು ಸಾಗುತ್ತದೆ. ಗೊಂದಲ ಶುರುವಾಗುವುದೇ ಅಲ್ಲಿ. ಕಣಜಕ್ಕೂ ತಕ್ಕಡಿಗೂ ಎಷ್ಟು ವ್ಯತ್ಯಾಸವೋ ಇವೆರಡಕ್ಕೂ ಅಷ್ಟು ವ್ಯತ್ಯಾಸವಿದೆ. ಕಣಜ ಕಾಳನ್ನು ಕಾಪಾಡುತ್ತದೆ, ತಕ್ಕಡಿ ಎಷ್ಟಿದೆ ಅಂತ ಹೇಳುತ್ತದೆ.

ಎರಡು ಪ್ರಶ್ನೆ, ಎರಡು ಸಾಧನ

"ಆ ಚೀಟಿ ಎಲ್ಲಿ?" ಅನ್ನೋದು ಮೊದಲ ಪ್ರಶ್ನೆ. ಇದಕ್ಕೆ ಉತ್ತರ ಕೊಡೋದು ಕಡತ ಇಡುವ ಜಾಗ, ಅಂದ್ರೆ ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಥರದವು. ಬೇವಿನ ಹಿಂಡಿ ಕೊಂಡ ಬಿಲ್ಲು, ಮಣ್ಣು ಪರೀಕ್ಷೆಯ ವರದಿ, ಗುತ್ತಿಗೆ ಕರಾರು, ಪಹಣಿ, ತಪಾಸಣೆಯ ವರದಿ ಎಲ್ಲವೂ ಇದ್ದದ್ದು ಇದ್ದ ಹಾಗೆ ಅಲ್ಲಿ ಕೂತಿರುತ್ತವೆ.

"ದುಡ್ಡು ಎಲ್ಲಿ ಹೋಯ್ತು?" ಅನ್ನೋದು ಎರಡನೇ ಪ್ರಶ್ನೆ. ಇದಕ್ಕೆ ಉತ್ತರ ಕೊಡೋದು ಲೆಕ್ಕದ ಸಾಫ್ಟ್‌ವೇರ್. ಯಾರು ಎಷ್ಟು ಬಾಕಿ, ಯಾವ ಬೆಳೆಗೆ ಎಷ್ಟು ಖರ್ಚು, ತಿಂಗಳ ಕೊನೆಗೆ ಲಾಭವೋ ನಷ್ಟವೋ ಅಂತ ಅದು ಕೂಡಿ ಕಳೆದು ಹೇಳುತ್ತದೆ.

ಡ್ರೈವ್‌ನಲ್ಲಿ ಇನ್ನೂರು ಬಿಲ್ಲಿನ ಫೋಟೊ ಇದ್ದರೂ ಅವು ತಾವಾಗಿಯೇ ಕೂಡಿಕೊಳ್ಳುವುದಿಲ್ಲ. ಹಾಗೆಯೇ ಸಾಫ್ಟ್‌ವೇರ್‌ನಲ್ಲಿ "ಹಿಂಡಿ ಖರೀದಿ 7,000" ಅಂತ ಬರೆದಿದ್ದರೂ, ಯಾವ ಹಿಂಡಿ, ಯಾರಿಂದ, ಯಾವತ್ತು ಅಂತ ಕೇಳಿದಾಗ ಬಿಲ್ಲು ತೋರಿಸಲು ಆಗದಿದ್ದರೆ ಆ ಸಾಲನ್ನು ಯಾರೂ ನಂಬುವುದಿಲ್ಲ.

ಆದ್ದರಿಂದ ಯಾವುದು ಒಳ್ಳೆಯದು ಅಂತ ತೂಗುವ ಬದಲು, ಸದ್ಯಕ್ಕೆ ನಿಮ್ಮನ್ನು ಯಾವ ಪ್ರಶ್ನೆ ಕಾಡುತ್ತಿದೆ ಅಂತ ನೋಡಿ.

ಚೀಟಿ ಮೊದಲು ಬೇಕಾಗುವವರು

ಸಾವಯವ ಪ್ರಮಾಣೀಕರಣದ ದಾರಿಯಲ್ಲಿ ಇರುವವರಿಗೆ ಕಾಗದವೇ ಮೊದಲು. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ (ಎನ್‌ಪಿಒಪಿ) ನಿಯಮದಂತೆ ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮುಂಚೆ ಎರಡು ವರ್ಷ, ಬಹುವಾರ್ಷಿಕ ಬೆಳೆಗಳಿಗೆ ಮೊದಲ ಕಟಾವಿಗೆ ಮುಂಚೆ ಮೂರು ವರ್ಷ ಪರಿವರ್ತನೆಯ ಅವಧಿ ಇರುತ್ತದೆ. ಅಷ್ಟು ದಿನ ಮಣ್ಣಿಗೆ ಏನು ಹಾಕಿದ್ದೀರಿ, ಏನು ಹಾಕಿಲ್ಲ ಅನ್ನೋದಕ್ಕೆ ನಿಮ್ಮ ಬಾಯಿಮಾತು ಸಾಲುವುದಿಲ್ಲ. ಬೀಜ, ಸಸಿ ಎಲ್ಲಿಂದ ತಂದಿರಿ, ಗೊಬ್ಬರ ಎಲ್ಲಿಯದು, ಪಕ್ಕದ ರಾಸಾಯನಿಕ ಹೊಲಕ್ಕೂ ನಿಮ್ಮದಕ್ಕೂ ನಡುವೆ ಅಂತರ ಎಷ್ಟು ಬಿಟ್ಟಿದ್ದೀರಿ, ಕಟಾವು ಎಷ್ಟು, ಮಾರಿದ್ದೆಷ್ಟು ಎಲ್ಲಕ್ಕೂ ದಾಖಲೆ ಬೇಕು. ನಮ್ಮಲ್ಲಿ ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆ ಇರಲಿ, ಖಾಸಗಿ ಸಂಸ್ಥೆ ಇರಲಿ, ತಪಾಸಣೆಗೆ ಬಂದವರು ಕೇಳುವುದು ಇವನ್ನೇ. ಪಿಜಿಎಸ್ ಗುಂಪಿನಲ್ಲಿ ಇದ್ದರೆ ಪಕ್ಕದ ರೈತರೇ ಬಂದು ನೋಡುತ್ತಾರೆ. ಅವರಿಗೂ ತೋರಿಸಲು ಏನಾದರೂ ಇರಬೇಕಲ್ಲ.

ಉಷ್ಣಕಾಗದದ ಮೇಲೆ ಮಷಿನ್‌ನಿಂದ ಬರುವ ಬಿಲ್ಲು ಆರೆಂಟು ತಿಂಗಳಲ್ಲೇ ಬಿಳಿಚಿಕೊಂಡು ಹೋಗುತ್ತದೆ. ಪರಿವರ್ತನೆಯ ಅವಧಿ ಅದಕ್ಕಿಂತ ಉದ್ದ. ತಂದ ದಿನವೇ ಫೋಟೊ ತೆಗೆದಿಟ್ಟರೆ ಮಾತ್ರ ಅದು ಮೂರನೇ ವರ್ಷಕ್ಕೆ ಉಳಿದಿರುತ್ತದೆ.

ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಗೂಗಲ್ ಖಾತೆಗೆ 15 ಜಿಬಿ ಉಚಿತ ಜಾಗ ಸಿಗುತ್ತದೆ. ಒನ್‌ಡ್ರೈವ್‌ನಲ್ಲಿ 5 ಜಿಬಿ, ಡ್ರಾಪ್‌ಬಾಕ್ಸ್‌ನಲ್ಲಿ 2 ಜಿಬಿ. ಬಿಲ್ಲುಗಳನ್ನು ಫೋನಿನಲ್ಲೇ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದರೆ ಒಂದು ಸಣ್ಣ ತೋಟದ ಹತ್ತು ವರ್ಷದ ಕಾಗದಕ್ಕೆ 15 ಜಿಬಿ ಧಾರಾಳ. ಆದರೆ ಆ 15 ಜಿಬಿಯನ್ನು ಜಿಮೇಲ್ ಮತ್ತು ಗೂಗಲ್ ಫೋಟೊಸ್ ಕೂಡ ಹಂಚಿಕೊಳ್ಳುತ್ತವೆ. ಮದುವೆಯ ವಿಡಿಯೊ ತುಂಬಿಕೊಂಡರೆ ಬಿಲ್ಲಿಗೆ ಜಾಗ ಇರುವುದಿಲ್ಲ, ಹೊಸ ಇಮೇಲ್ ಕೂಡ ಬರುವುದಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಹಾಗಾಗಿ ತೋಟಕ್ಕೇ ಅಂತ ಒಂದು ಪ್ರತ್ಯೇಕ ಖಾತೆ ಮಾಡಿ, ಅದರ ಪಾಸ್‌ವರ್ಡ್ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ. ಖಾತೆ ಮರಳಿ ಪಡೆಯಲು ಕೊಟ್ಟ ಫೋನ್ ನಂಬರ್ ಚಾಲ್ತಿಯಲ್ಲಿರಲಿ.

ಕಡತಕ್ಕೆ ಹೆಸರಿಡುವ ರೀತಿ ಒಂದೇ ಥರ ಇದ್ದರೆ ಅರ್ಧ ಕೆಲಸ ಮುಗಿದಂತೆ. ಮೊದಲು ದಿನಾಂಕ, ಅದೂ ವರ್ಷ-ತಿಂಗಳು-ದಿನ ಅನ್ನೋ ಕ್ರಮದಲ್ಲಿ. ಆಮೇಲೆ ಯಾರಿಂದ, ಏನು, ಎಷ್ಟು. "2025-06-14 ಹಿಂಡಿ ಖರೀದಿ 7000" ಅಂತ ಇಟ್ಟರೆ ಕಡತಗಳು ತಾವೇ ತಾರೀಖಿನ ಸಾಲಿನಲ್ಲಿ ನಿಲ್ಲುತ್ತವೆ. ಫೋಲ್ಡರ್ ಐದಾರು ಸಾಕು: ಜಮೀನು, ಪ್ರಮಾಣಪತ್ರ, ಖರೀದಿ, ಮಾರಾಟ, ಕೂಲಿ, ಬ್ಯಾಂಕು. ಇಪ್ಪತ್ತು ಫೋಲ್ಡರ್ ಮಾಡಿದರೆ ಯಾವುದರಲ್ಲಿ ಹಾಕಿದೆ ಅಂತ ಹುಡುಕೋದೇ ಇನ್ನೊಂದು ಕೆಲಸ.

ಲೆಕ್ಕ ಇಲ್ಲದಿದ್ದರೆ ಆಗುವ ಮೋಸ

ಈಗ ಎರಡನೇ ಪ್ರಶ್ನೆಗೆ ಬರೋಣ. ಒಂದು ಎಕರೆ ತರಕಾರಿ ಬೆಳೆದು ನೇರವಾಗಿ ಮಾರುವ ಒಂದು ಕುಟುಂಬ ಅಂತ ಲೆಕ್ಕಕ್ಕೆ ಹಿಡಿಯೋಣ. ಅಂಕಿ ನಾನು ಹಾಕಿಕೊಂಡದ್ದು, ನಿಮ್ಮದನ್ನು ನೀವು ಹಾಕಿ ನೋಡಿ.

ಮೂವತ್ತು ಮನೆಗೆ ವಾರಕ್ಕೊಂದು ಬುಟ್ಟಿ, ಬುಟ್ಟಿಗೆ 400 ರೂಪಾಯಿ. ನಾಲ್ಕು ವಾರಕ್ಕೆ 120 ಬುಟ್ಟಿ, 48,000 ರೂಪಾಯಿ. ಎರಡು ಅಂಗಡಿಗೆ ಕೊಟ್ಟದ್ದು 16,000. ಒಟ್ಟು ಮಾರಾಟ 64,000. ಮನೆಗಳಿಂದ ಬಂದದ್ದು 41,000, ಅಲ್ಲಿ ಬಾಕಿ 7,000. ಅಂಗಡಿಯವರು ಒಂದೂವರೆ ತಿಂಗಳಿಗೆ ಕೊಡುವವರು, ಅವರ 16,000 ಪೂರ್ತಿ ಬಾಕಿ.

ಖರ್ಚು: ಕೂಲಿ 22,000, ಬೀಜ-ಸಸಿ 4,500, ಗೊಬ್ಬರ ಮತ್ತು ಹಿಂಡಿ 7,000, ಗಾಡಿ ಬಾಡಿಗೆ 9,500, ಪ್ಯಾಕಿಂಗ್ 3,000. ಒಟ್ಟು 46,000.

ಬ್ಯಾಂಕ್ ಪಾಸ್‌ಬುಕ್ ನೋಡಿದರೆ ಬಂದದ್ದು 41,000, ಹೋದದ್ದು 46,000. ಐದು ಸಾವಿರ ಕೈಬಿಟ್ಟಿದೆ. "ತರಕಾರಿ ಗಿಟ್ಟಲ್ಲ, ಬಿಟ್ಟುಬಿಡೋಣ" ಅನ್ನೋ ಮಾತು ಮನೆಯಲ್ಲಿ ಶುರುವಾಗುವುದು ಇಲ್ಲೇ. ಲೆಕ್ಕದ ಪುಸ್ತಕ ತೆರೆದರೆ ಬೇರೆ ಕಾಣುತ್ತದೆ: 64,000ದಲ್ಲಿ 46,000 ಕಳೆದರೆ 18,000 ಲಾಭ. ಬೆಳೆಯಲ್ಲಿ ತೊಂದರೆ ಇಲ್ಲ, ವಸೂಲಿಯಲ್ಲಿ ಇದೆ. 23,000 ರೂಪಾಯಿ ಬೇರೆಯವರ ಜೇಬಿನಲ್ಲಿ ಕೂತಿದೆ. ಇಲ್ಲಿ ಬೆಳೆ ಬಿಡೋದು ಪರಿಹಾರ ಆಗಲ್ಲ. ಅಂಗಡಿಗೆ ಹದಿನೈದು ದಿನದ ಗಡುವು ಹಾಕೋದು, ಮನೆಗಳಿಂದ ತಿಂಗಳ ಮೊದಲೇ ದುಡ್ಡು ತಗೊಳ್ಳೋದು ಪರಿಹಾರ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಗಂಡ-ಹೆಂಡತಿ ಇಬ್ಬರೂ ತಿಂಗಳಿಗೆ 26 ದಿನ ತೋಟದಲ್ಲೇ ದುಡಿದಿದ್ದಾರೆ. ದಿನಕ್ಕೆ 400 ರೂಪಾಯಿ ಹಾಕಿದರೂ 20,800 ಆಯ್ತು. ಅದನ್ನೂ ಖರ್ಚಿಗೆ ಸೇರಿಸಿದರೆ 18,000 ಲಾಭ ಹೋಗಿ 2,800 ನಷ್ಟ. ಬುಟ್ಟಿಗೆ 25 ರೂಪಾಯಿ ಏರಿಸಿದರೆ 120 ಬುಟ್ಟಿಗೆ 3,000 ಸಿಗುತ್ತದೆ, ಆ ನಷ್ಟ ತುಂಬುತ್ತದೆ. ಈ 25 ರೂಪಾಯಿಯ ವಿಚಾರ ಯಾವ ಡ್ರೈವ್ ಫೋಲ್ಡರ್ ಕೂಡ ನಿಮಗೆ ಹೇಳುವುದಿಲ್ಲ. ಗಿರಾಕಿ ಜೊತೆ ದರ ಮಾತಾಡುವಾಗ ಧೈರ್ಯ ಬರೋದು ಈ ಲೆಕ್ಕ ಕೈಯಲ್ಲಿದ್ದರೆ ಮಾತ್ರ.

ಯಾವ ಲೆಕ್ಕಕ್ಕೆ ಯಾವ ಸಾಫ್ಟ್‌ವೇರ್

ಲೆಕ್ಕ ಬೇಕು ಅಂದ ತಕ್ಷಣ ದೊಡ್ಡ ಸಾಫ್ಟ್‌ವೇರ್ ಕೊಳ್ಳಬೇಕು ಅಂತೇನಿಲ್ಲ. ಹಂತ ಹಂತವಾಗಿ ನೋಡಿ.

ತಿಂಗಳಿಗೆ ಐವತ್ತು ವ್ಯವಹಾರದ ಒಳಗೆ ಇದ್ದರೆ ಒಂದು ನೋಟ್‌ಬುಕ್ ಅಥವಾ ಗೂಗಲ್ ಶೀಟ್ ಸಾಕು. ಐದು ಕಾಲಂ ಹಾಕಿ: ತಾರೀಖು, ಯಾರು, ಯಾವ ಬೆಳೆಗೆ, ಬಂದದ್ದು, ಹೋದದ್ದು. "ಯಾವ ಬೆಳೆಗೆ" ಅನ್ನೋ ಕಾಲಂ ಬಿಡಬೇಡಿ. ಅದಿಲ್ಲದಿದ್ದರೆ ಬಾಳೆಯ ಲಾಭದಲ್ಲಿ ಟೊಮೆಟೊ ನಷ್ಟ ಮುಚ್ಚಿಹೋಗಿ, ವರ್ಷಗಟ್ಟಲೆ ನಷ್ಟದ ಬೆಳೆಯನ್ನೇ ಬೆಳೀತಾ ಇರ್ತೀವಿ. ಉದ್ರಿ ಇದ್ದವರು ಬಾಕಿಗೆ ಇನ್ನೊಂದು ಹಾಳೆ ಇಟ್ಟುಕೊಳ್ಳಿ.

ತಲೆನೋವು ಉದ್ರಿಯದ್ದು ಮಾತ್ರ ಆಗಿದ್ದರೆ ಖಾತಾಬುಕ್ ಥರದ ಫೋನ್ ಆ್ಯಪ್ ಸಾಕಾಗುತ್ತದೆ. ಯಾರು ಎಷ್ಟು ಕೊಡಬೇಕು ಅಂತ ಬರೆದಿಡಬಹುದು, ಬಾಕಿಯವರಿಗೆ ಸಂದೇಶ ಕಳಿಸಬಹುದು. ಆದರೆ ಬೆಳೆವಾರು ಖರ್ಚಿನ ಲೆಕ್ಕಕ್ಕೆ ಅದನ್ನು ನಂಬಿ ಕೂರಬೇಡಿ.

ಬಿಲ್ಲು ಮಾಡಿ ಕೊಡಬೇಕು, ದಾಸ್ತಾನು ನೋಡಬೇಕು ಅನ್ನೋರಿಗೆ ವ್ಯಾಪಾರ್ ಥರದವು ಇವೆ. ಪೂರ್ತಿ ಲೆಕ್ಕಪತ್ರ, ಜಿಎಸ್‌ಟಿ, ಬೆಳೆವಾರು ಖರ್ಚು, ಆಡಿಟ್ ಎಲ್ಲ ಬೇಕು ಅನ್ನೋರಿಗೆ ಟ್ಯಾಲಿ ಅಥವಾ ಝೋಹೊ ಬುಕ್ಸ್. ಟ್ಯಾಲಿ ಹುಟ್ಟಿದ್ದು 1986ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ತಾಲ್ಲೂಕು ಮಟ್ಟದ ಆಡಿಟರ್ ಕಚೇರಿಗಳಲ್ಲೂ ಅದನ್ನು ಬಲ್ಲವರು ಸಿಗುತ್ತಾರೆ, ಅದು ಸಣ್ಣ ಅನುಕೂಲ ಏನಲ್ಲ. ಅದರಲ್ಲಿ "ಕಾಸ್ಟ್ ಸೆಂಟರ್" ಅಂತ ಒಂದು ವ್ಯವಸ್ಥೆ ಇದೆ. ಒಂದೊಂದು ಬೆಳೆಗೂ ಒಂದೊಂದು ಹೆಸರು ಕೊಟ್ಟು ಖರ್ಚು ಬೇರೆ ಬೇರೆ ಮಾಡಬಹುದು. ಟ್ಯಾಲಿಯ ಲೆಕ್ಕ ಸಾಮಾನ್ಯವಾಗಿ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಆ ಕಂಪ್ಯೂಟರ್ ಕೆಟ್ಟರೆ ಬ್ಯಾಕಪ್ ಇದ್ದವನೇ ಬದುಕಿದ. ಝೋಹೊ ಬುಕ್ಸ್ ಇಂಟರ್‌ನೆಟ್ ಮೇಲೆ ನಡೆಯುತ್ತದೆ, ಸಿಗ್ನಲ್ ಇಲ್ಲದ ಊರಿನಲ್ಲಿ ಅದರ ಕಷ್ಟವೂ ಗೊತ್ತಿರಲಿ.

ಯಾವುದನ್ನೇ ತಗೊಳ್ಳುವ ಮುಂಚೆ ಮಾರುವವರನ್ನು ಕೇಳಬೇಕಾದ ಪ್ರಶ್ನೆಗಳು ಇಷ್ಟು. ಚಂದಾ ನಿಲ್ಲಿಸಿದರೆ ನನ್ನ ಹಳೆಯ ಲೆಕ್ಕ ನನಗೆ ಕಾಣುತ್ತದೆಯೇ? ಎಲ್ಲವನ್ನೂ ಎಕ್ಸೆಲ್ ಅಥವಾ ಪಿಡಿಎಫ್‌ಗೆ ಇಳಿಸಿಕೊಳ್ಳಬಹುದೇ? ಕಿಲೊ, ಕಟ್ಟು, ಗೊನೆ, ಬುಟ್ಟಿ ಅಂತ ಬೇರೆ ಬೇರೆ ಅಳತೆ ಹಾಕಬಹುದೇ? ಬಿಲ್ಲಿನ ಫೋಟೊವನ್ನು ಆ ಸಾಲಿಗೇ ಅಂಟಿಸಬಹುದೇ? ನನ್ನ ಆಡಿಟರ್ ಇದನ್ನು ಬಳಸುತ್ತಾರೆಯೇ? ಮೊದಲ ಎರಡಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಅದನ್ನು ಮುಟ್ಟಬೇಡಿ.

ಕಾನೂನು ಕೇಳುವಾಗ

ಕೆಲವು ಕಡೆ ಆಯ್ಕೆ ನಮ್ಮ ಕೈಯಲ್ಲಿ ಇರುವುದಿಲ್ಲ. ಮುಖ್ಯವಾದ ಮೂರು ಸಂದರ್ಭ ಹೇಳುತ್ತೇನೆ.

ಒಂದು, ಸ್ವಂತ ಬೆಳೆ ಮತ್ತು ಕೊಂಡ ಮಾಲು. ತಾನು ಸಾಗುವಳಿ ಮಾಡಿ ಬೆಳೆದದ್ದನ್ನು ಮಾರುವ ರೈತ ಆ ಮಟ್ಟಿಗೆ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೂ ಇಲ್ಲ. ಆದರೆ ಬುಟ್ಟಿ ತುಂಬಿಸಲು ಪಕ್ಕದ ತೋಟದಿಂದ ಕೊಂಡು ಮಾರಿದ ಲಾಭ ಕೃಷಿ ಆದಾಯ ಅಲ್ಲ, ಅದು ವ್ಯಾಪಾರ. ಬಾಳೆಕಾಯಿ ಚಿಪ್ಸ್ ಮಾಡಿ ಮಾರಿದರೂ ಅದು ಬರೀ ಕೃಷಿ ಆಗಿ ಉಳಿಯುವುದಿಲ್ಲ. ತಾಜಾ ತರಕಾರಿ, ಹಣ್ಣಿಗೆ ಜಿಎಸ್‌ಟಿ ಇಲ್ಲ, ಸಂಸ್ಕರಿಸಿದ ಮಾಲಿಗೆ ಇರಬಹುದು. ಕರ್ನಾಟಕದಲ್ಲಿ ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಆ ಮಿತಿಯ ರಕ್ಷಣೆ ಸಿಗುವುದಿಲ್ಲ. ಸ್ವಂತದ್ದು, ಕೊಂಡದ್ದು, ಸಂಸ್ಕರಿಸಿದ್ದು ಈ ಮೂರನ್ನು ಮೊದಲ ದಿನದಿಂದಲೇ ಬೇರೆ ಬೇರೆ ಖಾತೆಯಲ್ಲಿ ಬರೆಯಿರಿ.

2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿರಬಹುದು. ತರಕಾರಿ, ಹಾಲು ಮಾರುವವರೂ ಅದರಲ್ಲಿದ್ದರು. ಯುಪಿಐ ದಾಖಲೆಯಲ್ಲಿ ಎಷ್ಟು ದುಡ್ಡು ಬಂತು ಅಂತ ಇರುತ್ತದೆ, ಯಾವ ಮಾಲಿಗೆ ಬಂತು ಅಂತ ಇರುವುದಿಲ್ಲ. ಅದನ್ನು ಹೇಳಬೇಕಾದ್ದು ನಿಮ್ಮ ಲೆಕ್ಕ, ಸಾಬೀತು ಮಾಡಬೇಕಾದ್ದು ನಿಮ್ಮ ಚೀಟಿ.

ಎರಡು, ಜಿಎಸ್‌ಟಿ ನೋಂದಣಿ ಆದವರು. ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು, ಅಂದ್ರೆ ಆರು ವರ್ಷ ಲೆಕ್ಕಪತ್ರ ಕಾದಿಡಬೇಕು.

ಮೂರು, ರೈತ ಉತ್ಪಾದಕ ಕಂಪನಿ. ಕಂಪನಿ ಕಾಯ್ದೆಯಡಿ ನೋಂದಣಿ ಆದ ಎಫ್‌ಪಿಒಗೆ ಬೇರೆ ಕಂಪನಿಗಳ ನಿಯಮವೇ ಅನ್ವಯ. ಲೆಕ್ಕದ ಸಾಫ್ಟ್‌ವೇರ್ ಬಳಸುವ ಕಂಪನಿ, 2023ರ ಏಪ್ರಿಲ್ 1ರಿಂದ, ಯಾವ ಸಾಲನ್ನು ಯಾವಾಗ ತಿದ್ದಿದರು ಅನ್ನೋದನ್ನು ದಾಖಲಿಸುವ ಸಾಫ್ಟ್‌ವೇರನ್ನೇ ಬಳಸಬೇಕು. ಆ ದಾಖಲೆಯನ್ನು ಆರಿಸಿಡುವ ಹಾಗೂ ಇರಬಾರದು. ಪುಸ್ತಕಗಳನ್ನು ಎಂಟು ವರ್ಷ ಇಡಬೇಕು. ಎಕ್ಸೆಲ್ ಹಾಳೆಯಲ್ಲಿ ಎಫ್‌ಪಿಒ ಲೆಕ್ಕ ಬರೆಯುತ್ತಿರುವ ನಿರ್ದೇಶಕರು ಇವತ್ತೇ ಆಡಿಟರ್ ಜೊತೆ ಮಾತಾಡುವುದು ಒಳ್ಳೆಯದು. ಇದು ಬರೀ ದಂಡದ ಪ್ರಶ್ನೆ ಅಲ್ಲ. ಐನೂರು ಷೇರುದಾರರ ದುಡ್ಡಿನಲ್ಲಿ ಯಾರು ಏನು ತಿದ್ದಿದರು ಅಂತ ಗೊತ್ತಾಗದ ಕಂಪನಿಯಲ್ಲಿ ನಂಬಿಕೆ ಉಳಿಯುವುದು ಕಷ್ಟ.

ಎರಡನ್ನೂ ಜೋಡಿಸುವ ಗಂಟು

ತಪಾಸಣೆಗೆ ಬರುವವರು ಕಾಗದವನ್ನು ಮಾತ್ರ ನೋಡುವುದಿಲ್ಲ, ಕಾಗದದ ಮೇಲಿನ ಅಂಕಿಯನ್ನೂ ತಾಳೆ ಹಾಕುತ್ತಾರೆ. ಇಷ್ಟು ಗುಂಟೆಗೆ ಇಷ್ಟು ಇಳುವರಿ ಬರಬಹುದು, ಇಷ್ಟು ಕಟಾವು ಅಂತ ಬರೆದಿದ್ದೀರಿ, ಇಷ್ಟು ಮಾರಿದ್ದೀರಿ ಅಂತ ಮೂರನ್ನೂ ಪಕ್ಕಪಕ್ಕ ಇಡುತ್ತಾರೆ. ಬೆಳೆದದ್ದಕ್ಕಿಂತ ಮಾರಿದ್ದು ಹೆಚ್ಚಿದ್ದರೆ ಹೊರಗಿನ ಮಾಲು ಸೇರಿದೆ ಅನ್ನೋ ಅನುಮಾನ ಸಹಜ. ನಿಮ್ಮ ಹಲವು ವರ್ಷದ ಶ್ರಮ ಅಲ್ಲಿ ನಿಂತುಹೋಗಬಹುದು. ಹಾಗಾಗಿ ಚೀಟಿ ಮತ್ತು ಲೆಕ್ಕ ಒಂದಕ್ಕೊಂದು ಮಾತಾಡಬೇಕು.

ಅದಕ್ಕೆ ಸುಲಭದ ಉಪಾಯ ಒಂದು ಕ್ರಮಸಂಖ್ಯೆ. ಲೆಕ್ಕದಲ್ಲಿ ಬರೆದ ಸಾಲಿಗೆ 114 ಅಂತ ನಂಬರ್ ಇದ್ದರೆ, ಅದೇ 114ನ್ನು ಪೆನ್ನಿನಿಂದ ಬಿಲ್ಲಿನ ಮೂಲೆಯಲ್ಲಿ ಬರೆದು ಆಮೇಲೆ ಫೋಟೊ ತೆಗೆಯಿರಿ, ಕಡತದ ಹೆಸರಿನ ಕೊನೆಗೂ 114 ಹಾಕಿ. ಸಾಲಿನಿಂದ ಚೀಟಿಗೆ, ಚೀಟಿಯಿಂದ ಸಾಲಿಗೆ ಅರ್ಧ ನಿಮಿಷದಲ್ಲಿ ಹೋಗಬಹುದು. ಮುಂದೆ ಸಾಫ್ಟ್‌ವೇರ್ ಬದಲಾಯಿಸಿದರೂ ಈ ಗಂಟು ಬಿಚ್ಚಿಕೊಳ್ಳುವುದಿಲ್ಲ.

ಉಳಿದದ್ದು ದಿನಚರಿ. ತೋಟದ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ, ಬೇರೆ ಯುಪಿಐ. ಮನೆಗೆ ತೆಗೆದುಕೊಂಡದ್ದನ್ನು "ಮನೆ ಖರ್ಚು" ಅಂತಲೇ ಬರೆಯಿರಿ, ಕೂಲಿಯಲ್ಲಿ ಸೇರಿಸಬೇಡಿ. ಸಂಜೆ ಹತ್ತು ನಿಮಿಷ ಅವತ್ತಿನ ವ್ಯವಹಾರ. ತಿಂಗಳಿಗೊಮ್ಮೆ ಪಾಸ್‌ಬುಕ್ ಜೊತೆ ತಾಳೆ. ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಇಳಿಸಿ ಬೀರುವಿನಲ್ಲಿಡಿ. ಹತ್ತು ನಿಮಿಷದ ಈ ಅಭ್ಯಾಸ ಇಲ್ಲದವರಿಗೆ ಎಷ್ಟು ದುಬಾರಿ ಸಾಫ್ಟ್‌ವೇರ್ ಕೊಡಿಸಿದರೂ ಖಾಲಿ ಪುಸ್ತಕವೇ.

ಈ ವಾರ ಒಂದು ಪರೀಕ್ಷೆ ಮಾಡಿ ನೋಡಿ. ಹೋದ ವರ್ಷ ಇದೇ ತಿಂಗಳಲ್ಲಿ ಕೊಂಡ ಬೀಜದ ಬಿಲ್ಲನ್ನು ಐದು ನಿಮಿಷದಲ್ಲಿ ಹುಡುಕಿ. ಸಿಗದಿದ್ದರೆ ಇವತ್ತೇ ಒಂದು ಉಚಿತ ಖಾತೆ ತೆರೆದು ಕಾಗದ ಏರಿಸಲು ಶುರುಮಾಡಿ. ಸಿಕ್ಕಿತು ಅಂದ್ರೆ ಎರಡನೇ ಪ್ರಶ್ನೆ: ಸದ್ಯಕ್ಕೆ ನಿಮಗೆ ಹೊರಗಿನಿಂದ ಬರಬೇಕಾದ ಬಾಕಿ ಎಷ್ಟು, ಯಾವ ಬೆಳೆ ನಿಮಗೆ ನಿಜವಾಗಿ ಉಳಿಸಿದೆ? ಹೇಳಲು ಬಾರದಿದ್ದರೆ ಒಂದು ಹಾಳೆ, ಐದು ಕಾಲಂನಿಂದ ಲೆಕ್ಕ ಆರಂಭಿಸಿ. ಆ ಹಾಳೆ ಮೂರು ತಿಂಗಳು ತಪ್ಪದೆ ತುಂಬಿತು, ಇನ್ನು ಕೈಯಲ್ಲಿ ಕೂಡಿಸೋಕೆ ಆಗ್ತಿಲ್ಲ ಅನ್ನಿಸಿದಾಗ ಸಾಫ್ಟ್‌ವೇರ್‌ಗೆ ದುಡ್ಡು ಕೊಡಿ. ಆಗ ಕೊಟ್ಟ ದುಡ್ಡು ದಂಡ ಆಗುವುದಿಲ್ಲ.